ಭಟ್ರ ಶ್ರೀಕಾರ

ಹರಾಜಿನ ಹೊತ್ತಿಗೆ ಸರಿಯಾಗಿ ಅಡಿಕೆ ಮಂಡಿಯಿಂದ ಫೋನ್ ಬರುತ್ತದೆ. ‘ರೇಟೇ ಕಾಣ್ತಿಲ್ಲ ಮಾರಾಯಾ, ಹಳದಿ ಪರದೆ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷ್ ಬೈತಾ ಉಂಟು.’ ಬೈಯುವುದು ಬ್ರೌಸರ್. ಬೈಸಿಕೊಳ್ಳುವುದು ಶಿವಮೊಗ್ಗದಲ್ಲಿ, ಮಳೆ ಬಂದರೆ ಕರೆಂಟೂ ಇಲ್ಲದೆ ಕೂತಿರುವ ನಾನು.

ರಾಶಿ, ಬೆಟ್ಟೆ, ಸರಕು, ಗೊರಬಲುಗಳ ದಿನದ ಧಾರಣೆ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿದೆ, ಅಂದರೆ ಪ್ರತಿ ಮಾಹಿತಿಯನ್ನೂ ಟ್ಯಾಗ್ ಎಂಬ ಹೆಸರುಚೀಟಿಗಳ ನಡುವೆ ಇಟ್ಟು ಬರೆಯುವ ಫೈಲು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಅಂಕಿ ಬದಲಿಸುವವರು ಗುಮಾಸ್ತ ಭಟ್ರು. ಅಂಕಿಯಲ್ಲಿ ಅವರು ಎಂದೂ ತಪ್ಪಿದವರಲ್ಲ. ಆದರೆ ಏನನ್ನೇ ಬರೆಯುವ ಮೊದಲು ತಲೆಯಲ್ಲಿ ‘ಶ್ರೀ’ ಹಾಕಲೇಬೇಕು. ಕಿರ್ದಿಗೆ ಹಾಕಿದರು, ಚೀಟಿಗೆ ಹಾಕಿದರು, ಈಗ ನನ್ನ ಫೈಲಿಗೂ ಹಾಕುತ್ತಾರೆ.

ಅಲ್ಲಿ ಮೊದಲ ಸಾಲು ಎಕ್ಸ್‌ಎಂಎಲ್ ಡಿಕ್ಲರೇಶನ್, ‘ಇದು ಎಕ್ಸ್‌ಎಂಎಲ್’ ಅಂತ ಸಾರುವ ಸಾಲು. ಮಡಿ ಉಟ್ಟ ಅಜ್ಜಿಯ ಹಾಗೆ, ಅದರ ಮುಂದೆ ಒಂದು ಖಾಲಿ ಜಾಗ ಸುಳಿದರೂ ಮೈಲಿಗೆ. ಎರಡನೇ ಸಾಲಿನದು ಪ್ರೊಸೆಸಿಂಗ್ ಇನ್‌ಸ್ಟ್ರಕ್ಷನ್: ಕೋನದ ಬ್ರಾಕೆಟ್ಟಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಓದುವವರ ಕಣ್ಣಿಗೆ ಬೀಳದಂತೆ ತಂತ್ರಾಂಶಕ್ಕೆ ಮಾತ್ರ ಹೇಳುವ ಮಾತು. ‘ಈ ಪಟ್ಟಿಗೆ ಇಂಥಾ ಸ್ಟೈಲ್‌ಶೀಟ್ (ಪರದೆ ಮೇಲೆ ಹೇಗೆ ಕಾಣಬೇಕೆಂದು ಬರೆದ ಫೈಲು) ತೊಡಿಸು’ ಅಂತ ನಾನು ಬ್ರೌಸರಿಗೆ ಅಲ್ಲೇ ಹೇಳಿದ್ದೇನೆ. ಎಕ್ಸ್‌ಎಂಎಲ್‌ನ ಪೂರ್ವಜ, 1986ರ ಎಸ್‌ಜಿಎಂಎಲ್‌ನಲ್ಲೇ ಇದ್ದ ಏರ್ಪಾಡು. 1998ರಲ್ಲಿ ಎಕ್ಸ್‌ಎಂಎಲ್ ಬಂದಾಗ ಅದಕ್ಕೂ ಬಂತು.

‘ಭಟ್ರೇ, ಮೇಲೆ ಏನೂ ಬರೀಬೇಡಿ.’

‘ಏನೂ ಬರೀಲಿಲ್ಲ ಮಾರಾಯಾ. ಶ್ರೀ ಒಂದು ಹಾಕಿದ್ದು.’

ಕಾಮೆಂಟ್, ಅಂದರೆ ಬ್ರೌಸರು ತೋರಿಸದೆ ಬಿಡುವ ಟಿಪ್ಪಣಿ, ಹಾಕುವುದನ್ನು ಕಲಿಸಿದೆ. ಶ್ರೀಯನ್ನು ಕಾಮೆಂಟಿನೊಳಗೆ ಸೇರಿಸಿ, ಆ ಕಾಮೆಂಟನ್ನು ತಗೊಂಡು ಹೋಗಿ ಡಿಕ್ಲರೇಶನ್ನಿನ ತಲೆ ಮೇಲೇ ಕೂರಿಸಿದರು. ಮತ್ತೆ ಹಳದಿ. ಎರಡನೇ ಸಾಲಿಗೆ ಇಳಿಸಿ ಅಂದರೆ, ‘ಎರಡನೇ ಸಾಲಲ್ಲಿ ಯಾರಾದ್ರೂ ಶ್ರೀಕಾರ ಹಾಕ್ತಾರನಾ?’ ಅಂತ ನನ್ನನ್ನೇ ಗದರಿದರು. ನನ್ನ ಓದು, ನನ್ನ ಅನುಭವ, ಯಾವುದಕ್ಕೂ ಅವರಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಕೊನೆಗೆ ನಿಯಮಾವಳಿಯನ್ನೇ ಕೆದಕಿದೆ. ಎಕ್ಸ್‌ಎಂಎಲ್ 1.0ರಲ್ಲಿ ಡಿಕ್ಲರೇಶನ್ ಕಡ್ಡಾಯವಲ್ಲ. ಫೈಲು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿದ್ದರೆ ಅದಿಲ್ಲದೆಯೂ ನಡೆಯುತ್ತದೆ. ಇನ್‌ಸ್ಟ್ರಕ್ಷನ್ನಿನ ಹೆಸರು ಕನ್ನಡದಲ್ಲಿದ್ದರೂ ತಕರಾರಿಲ್ಲ. ಅಜ್ಜಿಯನ್ನು ಮನೆಗೆ ಕಳಿಸಿ, ಆ ಜಾಗದಲ್ಲಿ ‘ಶ್ರೀ’ ಎಂಬ ಹೆಸರಿನದೇ ಒಂದು ಇನ್‌ಸ್ಟ್ರಕ್ಷನ್ ಇಟ್ಟೆ. ಪರದೆ ಮೇಲೆ ಧಾರಣೆ ಮೂಡಿತು. ಯಾವ ಬ್ರೌಸರಿಗೂ ಆ ಹೆಸರು ಗೊತ್ತಿಲ್ಲದ ಕಾರಣ ಎಲ್ಲವೂ ಅದನ್ನು ದಾಟಿಕೊಂಡು ಹೋಗುತ್ತವೆ.

‘ಹಂಗಾರೆ ಅದನ್ನ ಓದೋದು ಯಾರು?’ ಭಟ್ರು ಕೇಳಿದರು.

‘ಯಾರೂ ಓದಲ್ಲ.’

‘ಓದ್ತಾರೆ ಅಂತ ಯಾರು ಹಾಕ್ತಾರೆ, ತಮ್ಮಾ?’

ಅವರ ಹಳೇ ಕೆಂಪು ರಟ್ಟಿನ ಲೆಡ್ಜರು ಈಗಲೂ ಮಂಡಿಯ ಕಪಾಟಿನಲ್ಲಿದೆ. ಪುಟಪುಟದ ನೆತ್ತಿಯಲ್ಲೂ ಅದೇ ಶ್ರೀ, ಒತ್ತಕ್ಷರದ ಬಾಲವನ್ನು ಸ್ವಲ್ಪ ಉದ್ದಕ್ಕೆ ಎಳೆದದ್ದು. ನಾನು ಕೈಯಲ್ಲಿ ಕನ್ನಡ ಬರೆಯುವುದು ಈಗ ಸಹಿಗೆ ಮಾತ್ರ. ಅದೂ ಬ್ಯಾಂಕಿನವರಿಗೆ ಹೋಲುವುದಿಲ್ಲವಂತೆ.

ನಿನ್ನೆ ನೋಡಿದರೆ ಫೈಲಿನ ಕೆಳಗೆ, ಎಲ್ಲ ಟ್ಯಾಗ್ ಮುಚ್ಚಿದ ಮೇಲೆ, ‘ಶುಭಂ’ ಬಂದು ಕೂತಿದೆ. ಕೊನೆಯ ಟ್ಯಾಗ್ ಮುಚ್ಚಿದ ಮೇಲೆ ಬರಿ ಅಕ್ಷರಕ್ಕೆ ಜಾಗವಿಲ್ಲ, ಕಾಮೆಂಟು ಅಥವಾ ಇನ್‌ಸ್ಟ್ರಕ್ಷನ್ ಆದರೆ ಸರಿ. ಅದನ್ನೂ ಪ್ರಶ್ನಾರ್ಥಕದೊಳಗೆ ತೂರಿಸಿದೆ. ಈಗ ಭಟ್ರು ಕೇಳುತ್ತಿರುವುದು ಬದಿಯಲ್ಲಿ ‘ಲಾಭ’ ಬರೆಯುವುದು ಎಲ್ಲಿ ಅಂತ.