ಮಿಸಿಸಿಪ್ಪಿಯನ್ನು ದಾಟಿದ ಬಗೆ

ಮಗನ ಮನೆಗೆಂದು ಮಿನಿಯಾಪೊಲಿಸ್‌ಗೆ ಹೋಗಿದ್ದ ನಮ್ಮನ್ನು ಅವನು ಒಂದು ಶನಿವಾರ ಇಟಾಸ್ಕಾ ಸ್ಟೇಟ್ ಪಾರ್ಕಿಗೆ ಕರೆದೊಯ್ದ. 1891ರಲ್ಲಿ ಆರಂಭವಾದ ಅದು ಮಿನ್ನೆಸೋಟದ ಅತ್ಯಂತ ಹಳೆಯ ಸ್ಟೇಟ್ ಪಾರ್ಕು; ನೂರಕ್ಕೂ ಹೆಚ್ಚು ಕೆರೆಗಳು, ಎತ್ತರದ ಪೈನ್ ಮರಗಳು, ಸೈಕಲ್ ದಾರಿ, ಬಾಡಿಗೆ ದೋಣಿ ಎಲ್ಲವೂ ಅಲ್ಲುಂಟು. ನನ್ನ ಆಸೆ ಮಾತ್ರ ಒಂದೇ ಆಗಿತ್ತು: ಇಟಾಸ್ಕಾ ಸರೋವರದಿಂದ ಮಿಸಿಸಿಪ್ಪಿ ಹೊರಬೀಳುವ ಜಾಗದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆ ಮಹಾನದಿಯನ್ನು ದಾಟಿ, ಫೋಟೊ ತೆಗೆಸಿಕೊಂಡು, ಶಿವಮೊಗ್ಗದ ನನ್ನ ವಾಕಿಂಗ್ ಬಳಗದ ಬಾಯಿ ಮುಚ್ಚಿಸುವುದು.

ತಲಕಾವೇರಿಯ ಕುಂಡಿಕೆಯ ಮುಂದೆ ಕೈಮುಗಿದು ನಿಂತು ಅಭ್ಯಾಸವಿದ್ದ ನನಗೆ, ನದಿ ಹುಟ್ಟುವಲ್ಲಿಯೇ ಜನ ಚಡ್ಡಿಯಲ್ಲಿ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಿದ್ದುದು ಕೊಂಚ ಕಸಿವಿಸಿಯನ್ನುಂಟುಮಾಡಿತು. ಇಲ್ಲಿಂದ ಮೆಕ್ಸಿಕೊ ಕೊಲ್ಲಿಗೆ 2,552 ಮೈಲಿ ಎಂದು ಕೆತ್ತಿದ್ದ ಮರದ ಕಂಬಕ್ಕೇ ನಮಸ್ಕರಿಸಿ ಹೊರಟೆ. "ರೀ, ಚಪ್ಪಲಿ ಬಿಟ್ಟು ಹೋಗಿ" ಎಂದು ದಡದಿಂದ ಇವಳು ಕೂಗಿದ್ದು ಕೇಳಿಸಿತು, ಕೇಳಿಸಲಿಲ್ಲವೆಂಬಂತೆ ನಡೆದೆ.

ಮೂರು ಕಲ್ಲುಗಳು ನನ್ನ ಮರ್ಯಾದೆಯನ್ನು ಕಾಪಾಡಿದವು. ಪಾಚಿಗಟ್ಟಿದ್ದ ನಾಲ್ಕನೆಯದು ಕಾಪಾಡಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಮುಳುಗುವ ಭಯವೇನೂ ಇಲ್ಲದಿದ್ದರೂ, ಪಕ್ಕದಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಅದೇ ಕಲ್ಲುಗಳ ಮೇಲೆ ಕುಂಟಾಬಿಲ್ಲೆಯಾಡುತ್ತ ದಾಟಿಹೋದಾಗ, ಸೊಂಟದವರೆಗೆ ನೆನೆದು ಕುಳಿತಿದ್ದವನಿಗೆ ಮುಳುಗುವುದೇ ಲೇಸೆನಿಸಿತು.

ಕೈಹಿಡಿದು ಎಬ್ಬಿಸಿದ ಮಗ, ನದಿಯ ಈ ಮೊದಲ ಹರಿವನ್ನು 1930ರ ದಶಕದಲ್ಲಿ ಹೊಸದಾಗಿ ತಿದ್ದಿ, ಈ ಕಲ್ಲುಗಳನ್ನು ಸಾಲಾಗಿ ಇರಿಸಿದರೆಂದು ಆಗ ವಿವರಿಸಿದ. ಹಾಗಾದರೆ ನನ್ನನ್ನು ಕೆಡವಿದ್ದು ಪ್ರಕೃತಿಯಲ್ಲ, ಸರ್ಕಾರಿ ಕಾಮಗಾರಿ ಎಂದು ಎಷ್ಟೋ ಸಮಾಧಾನವಾಯಿತು. ಅದರಲ್ಲಿ ನನಗೆ ಊರಿನಲ್ಲಿಯೇ ಅನುಭವವಿದೆ.

ಎಡಗಾಲಿನ ಚಪ್ಪಲಿ ಮಾತ್ರ ಹರಿವಿನೊಂದಿಗೆ ಹೊರಟುಹೋಗಿತ್ತು. ಇಲ್ಲಿನ ನೀರು ಸಮುದ್ರ ಸೇರಲು ಸುಮಾರು 90 ದಿನ ಬೇಕೆಂದೂ, ಮಿಸಿಸಿಪ್ಪಿ ಮೊದಲು ಉತ್ತರಕ್ಕೆ ಹರಿದು ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆಂದೂ ಸೊಸೆ ಲೆಕ್ಕ ಹೇಳಿದಳು. ನಮ್ಮ ವಾಸ್ತವ್ಯ ಆರು ತಿಂಗಳಿನದಾದ್ದರಿಂದ, ದಾರಿ ತಪ್ಪಿದರೂ ಚಪ್ಪಲಿಯೇ ನನಗಿಂತ ಮೊದಲು ಊರು ಸೇರುವುದು ಖಚಿತವಾಗಿತ್ತು.

ಫೋಟೊ ಏನೋ ಚೆನ್ನಾಗಿಯೇ ಬಂದಿದೆ. ನಾನು ಕೆಳಗೆ ಬೀಳುವುದಕ್ಕೂ ಇವಳು ಫೋನ್ ಒತ್ತುವುದಕ್ಕೂ ಸರಿಹೋಗಿ, ಚಿತ್ರದಲ್ಲಿ ಎರಡು ಕೈ, ಒಂದು ಚಪ್ಪಲಿ ಮತ್ತು ಆ ಹುಡುಗಿಯ ನಗು ಮಾತ್ರ ಕಾಣುತ್ತವೆ. ವಾಕಿಂಗ್ ಬಳಗದ ಗ್ರೂಪಿಗೆ ಅದನ್ನು ಕಳಿಸಿದವಳೂ ಇವಳೇ.