ಪಿಯೋನಿ ಎಲೆಗೆ ಆಗಸ್ಟ್‌ನಲ್ಲೇ ಕತ್ತರಿ ಹಾಕ್ಬೇಡಿ

ನಾವಿರೋದು ಅಮೆರಿಕದ ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ. ಇಲ್ಲಿನ ಯೂನಿವರ್ಸಿಟಿಯ ನಿಕೋಲ್ಸ್ ಆರ್ಬೊರೇಟಂ ಅನ್ನೋ ಮರಗಿಡಗಳ ಉದ್ಯಾನದಲ್ಲಿ ಒಂದು ಪಿಯೋನಿ ತೋಟ ಇದೆ (ಪಿಯೋನಿ ಅಂದ್ರೆ ಚಳಿಗಾಲದಲ್ಲಿ ಒಣಗಿ, ದಪ್ಪ ಬೇರಿಂದ ಪ್ರತಿ ವರ್ಷ ಮತ್ತೆ ಚಿಗುರೋ ದೊಡ್ಡ ಹೂವಿನ ಗಿಡ), 1922ರಲ್ಲಿ ಡಾ. ಅಪ್‌ಜಾನ್ ಅನ್ನೋರು ಕೊಟ್ಟ ಗಿಡಗಳಿಂದ ಶುರುವಾಗಿದ್ದು, ಮೇ ಕೊನೆ ಜೂನ್ ಮೊದಲಿಗೆ ಹೂ ನೋಡೋಕೆ ಜನ ಜಾತ್ರೆ ಥರ ಸೇರ್ತಾರೆ. ಆ ಹೂವಿನ ಆಯಸ್ಸು ಎರಡು ಮೂರು ವಾರ ಅಷ್ಟೇ. ಆಮೇಲೆ ಅಕ್ಟೋಬರ್ ತನಕ ಗಿಡದಲ್ಲಿರೋದು ಬರೀ ಎಲೆ, ನನಗೆ ಮಾತಾಡ್ಬೇಕಿರೋದು ಅದರ ಬಗ್ಗೆ.

ನಮ್ಮ ಮನೆ ಮುಂದೆ ಎರಡು ಗಿಡ ಇವೆ. ಸಾರಾ ಬರ್ನ್‌ಹಾರ್ಟ್ ಅನ್ನೋ ಹಳೇ ತಳಿ ಒಂದು, ಬಾರ್ಟ್ಜೆಲ್ಲಾ ಅನ್ನೋ ಹಳದಿ ಹೂವಿನ ಇಟೋ ಜಾತಿದು ಇನ್ನೊಂದು. ಆಗಸ್ಟ್ ಬಂತು ಅಂದ್ರೆ ಸಾರಾ ಎಲೆ ಮೇಲೆ ಬೂದಿ ರೋಗ, ವಿಭೂತಿ ಬಳಿದ ಹಾಗೆ, ಹೆಬ್ಬೆರಳಲ್ಲಿ ಒರೆಸಿದ್ರೆ ಅಡಿಯಲ್ಲಿ ಹಸಿರು ಇನ್ನೂ ಇರತ್ತೆ, ಅಂಚಲ್ಲಿ ಮಾತ್ರ ನೇರಳೆ ಕಲೆ. ಬಾರ್ಟ್ಜೆಲ್ಲಾ ಪಕ್ಕದಲ್ಲೇ ಇದ್ರೂ ಹಿಮ ಬೀಳೋ ತನಕ ಹಸಿರಾಗೇ ನಿಂತಿರತ್ತೆ, ಗಟ್ಟಿ ಕಾಂಡದ ಮರ ಪಿಯೋನಿ ಜೊತೆ ಕ್ರಾಸ್ ಮಾಡಿ ಬಂದಿರೋ ಜಾತಿ ಅದು, ಎಲೆ ಗಟ್ಟಿ.

ನಮ್ಮ ಬೀದಿಯಲ್ಲಿ ತುಂಬಾ ಜನ ಆ ಬೂದಿ ಕಂಡ ತಕ್ಷಣ ಗಿಡನ ಬುಡದ ತನಕ ಕತ್ತರಿಸಿಬಿಡ್ತಾರೆ, ಅಂಗಳ ನೀಟಾಗಿ ಕಾಣ್ಬೇಕು ಅಂತ. ನನಗೆ ಹೊಟ್ಟೆ ಉರಿಯುತ್ತೆ. ನಾನು ಸಾಗರದ ಕಡೆಯವನು, ಹಿತ್ತಲಲ್ಲಿ ಅರಿಶಿನ, ಸುವರ್ಣಗಡ್ಡೆ ನೋಡ್ತಾ ಬೆಳೆದವನು. ಎಲೆ ಹಳದಿಯಾಗಿ ತಾನಾಗೇ ಒಣಗಿ ಬೀಳೋ ತನಕ ನಮ್ಮಮ್ಮ ಅದನ್ನ ಮುಟ್ಟೋಕೂ ಬಿಡ್ತಿರಲಿಲ್ಲ, "ಎಲೆ ಒಣಗದೇ ಗಡ್ಡೆ ಬಲಿಯಲ್ಲ ಕಣೋ" ಅಂತಿದ್ರು. ಪಿಯೋನಿದೂ ಅದೇ ಲೆಕ್ಕ. ಎಲೆ ಬಿಸಿಲಲ್ಲಿ ಮಾಡಿದ ಆಹಾರ ದಪ್ಪ ಬೇರಿಗೆ ಇಳಿಯುತ್ತೆ, ಬರೋ ವರ್ಷದ ಮೊಗ್ಗು ತಯಾರಾಗೋದೂ ಈಗಲೇ. ಸೆಪ್ಟೆಂಬರ್‌ನಲ್ಲಿ ಬುಡದ ಮಣ್ಣನ್ನ ಬೆರಳಲ್ಲಿ ಸ್ವಲ್ಪ ಸರಿಸಿ ನೋಡಿ, ಕೆಂಪು ಗುಲಾಬಿ ಬಣ್ಣದ ಚೂಪು ಮೊಳಕೆ ಕಾಣತ್ತೆ, ಇಲ್ಲಿಯವರು ಅದಕ್ಕೆ ಕಣ್ಣು ಅಂತಾರೆ. ಬೂದಿ ರೋಗಕ್ಕೆ ಗಿಡ ಸಾಮಾನ್ಯವಾಗಿ ಸಾಯಲ್ಲ, ಅರ್ಧ ಹಸಿರಿರೋ ಎಲೆನೂ ಕೆಲಸ ಮಾಡ್ತಾನೇ ಇರತ್ತೆ.

ಆದ್ರೆ ನಮ್ಮ ಇನ್ನೊಂದು ಪದ್ಧತಿನ ಇಲ್ಲಿಗೆ ತಂದು ನಾನು ತಪ್ಪು ಮಾಡಿದೆ. ಊರಲ್ಲಿ ತರಗೆಲೆ ಅಂದ್ರೆ ಗೊಬ್ಬರ, ಅಡಿಕೆ ಮರದ ಬುಡಕ್ಕೆ ಹಾಕೋದು, ಹೊರಗೆ ಎಸೆಯೋ ಮಾತೇ ಇಲ್ಲ. ಹಾಗಂತ ಮೊದಲೆರಡು ವರ್ಷ ಪಿಯೋನಿಯ ಒಣಗಿದ ಎಲೆನೂ ಅದರ ಬುಡಕ್ಕೇ ಹಾಕಿದೆ, ಮುಂದಿನ ಜೂನ್‌ಗೆ ಎಲೆ ತುಂಬಾ ನೇರಳೆ ಕಲೆ, ಎಷ್ಟೋ ಮೊಗ್ಗು ಕಪ್ಪಾಗಿ ಅರಳದೇ ಹೋದವು. ಕಲೆ ರೋಗದ ಶಿಲೀಂಧ್ರ ಆ ಒಣಗಿದ ಎಲೆ ಕಾಂಡದಲ್ಲೇ ಚಳಿಗಾಲ ಕಳೆಯುತ್ತೆ. ಈ ವಿಷಯದಲ್ಲಿ, ಒಣಗಿದ್ದನ್ನ ಬುಡದಲ್ಲಿ ಬಿಡದೇ ಹೊರಗೆ ಹಾಕೋ ಇಲ್ಲಿಯವರದ್ದೇ ಸರಿ.

ಈಗ ನಾನು ಮಾಡೋದು ಇಷ್ಟು. ಬಾಡಿದ ಹೂ ಮಾತ್ರ ಜೂನ್‌ನಲ್ಲೇ ತೆಗೀತೀನಿ, ಗಾಳಿ ಆಡಲಿ ಅಂತ ಸುತ್ತಲಿನ ಗಿಡ ಸ್ವಲ್ಪ ದೂರ ಇಡ್ತೀನಿ, ನೀರು ಎಲೆ ಮೇಲೆ ಬೀಳದ ಹಾಗೆ ಬುಡಕ್ಕೇ ಬಿಡ್ತೀನಿ. ಒಳ್ಳೇ ಹಿಮ ಬಿದ್ದು ಎಲೆ ಕಪ್ಪಾದ ಮೇಲೆ ನೆಲದಿಂದ ಎರಡು ಮೂರು ಇಂಚು ಬಿಟ್ಟು ಕತ್ತರಿಸಿ, ಒಂದು ಎಲೆನೂ ಉಳಿಯದ ಹಾಗೆ ಆರಿಸಿ, ಕಾಗದದ ಚೀಲಕ್ಕೆ ತುಂಬಿ, ಕಸದ ಗಾಡಿಯವರು ಒಯ್ಯಲಿ ಅಂತ ರಸ್ತೆ ಬದಿಗೆ ಇಟ್ಟುಬಿಡ್ತೀನಿ.