ಕಸದಿಂದ ರಸ ಆಮೇಲೆ, ಮೊದಲು ಮನೆಗೆ ನೂರು ರೂಪಾಯಿ ಎತ್ತಿ

ತುಮಕೂರಿನ ಬಡಾವಣೆಗಳಲ್ಲಿ ಕಸದ ವಿಚಾರಕ್ಕೆ ಸಂಘ ಕಟ್ಟುವವರಿಗೆ ಬರವೇನಿಲ್ಲ. ಭಾನುವಾರ ಬೆಳಗ್ಗೆ ಗ್ಲೌಸ್ ಹಾಕಿಕೊಂಡು ಖಾಲಿ ಸೈಟಿನ ಕಸ ಎತ್ತುತ್ತಾರೆ, ಕಾಂಪೌಂಡಿಗೆ ಬಣ್ಣ ಬಳಿಯುತ್ತಾರೆ, ಫೋಟೊ ಹಾಕುತ್ತಾರೆ. ಗುರುವಾರದ ಹೊತ್ತಿಗೆ ಅದೇ ಸೈಟಿನಲ್ಲಿ ಮತ್ತೆ ಕವರುಗಳ ರಾಶಿ, ಗ್ರೂಪಿನಲ್ಲಿ "ಜನಕ್ಕೆ ಬುದ್ಧಿ ಇಲ್ಲ" ಅನ್ನುವ ಬೈಗುಳ. ಬುದ್ಧಿಯ ಮಾತು ಬಿಡಿ, ಮೊದಲು ಗಡಿಯಾರ ನೋಡಿ. ಪಾಲಿಕೆಯ ಕಸದ ಆಟೊ ಟಿಪ್ಪರ್ ಒಂಬತ್ತೂವರೆಗೆ ಬರುವ ಬೀದಿಯಲ್ಲಿ ಎಂಟೂವರೆಗೇ ಕೆಲಸಕ್ಕೆ ಹೊರಡುವವರು ಕಸ ಯಾರ ಕೈಗೆ ಕೊಡಬೇಕು? ಬೈಕಿನ ಹ್ಯಾಂಡಲ್‌ಗೆ ನೇತುಹಾಕಿಕೊಂಡ ಕವರು ದಾರಿಯಲ್ಲಿ ಎಲ್ಲೋ ಒಂದು ಕಡೆ ಬೀಳಲೇಬೇಕು. ರಂಗೋಲಿ ಹಾಕಿದರೆ ಆ ಜಾಗದಲ್ಲಿ ಬೀಳಲ್ಲ, ಪಕ್ಕದ ತಿರುವಿನಲ್ಲಿ ಬೀಳುತ್ತೆ.

ನನ್ನ ಅಭಿಪ್ರಾಯ ಇಷ್ಟು. ಸಂಘದವರು ಇಡೀ ವಾರ್ಡ್ ಉದ್ಧಾರಕ್ಕೆ ಹೊರಡಬಾರದು. ನೂರು ಮನೆ ಹಿಡಿಯಿರಿ. ಬೆಳಗ್ಗೆ ಏಳಕ್ಕೆ ಬಾಗಿಲಿಗೆ ಬಂದು ಕಸ ತಗೊಳ್ಳುವವರೊಬ್ಬರನ್ನು ಸಂಬಳ ಕೊಟ್ಟು ಇಡಿ. ಆ ನೂರು ಮನೆಯ ಹಸಿ ಕಸ ಪಾಲಿಕೆಯ ಕಸದ ಘಟಕವಿರುವ ಅಜ್ಜಗೊಂಡನಹಳ್ಳಿ ಕಡೆ ಹೋಗದೆ ಬಡಾವಣೆಯಲ್ಲೇ ಗೊಬ್ಬರವಾಗಲಿ.

ಸಂಬಳ ಎಲ್ಲಿಂದ ಅಂದ ತಕ್ಷಣ ಎಲ್ಲರೂ ಹೇಳುವುದು ಗೊಬ್ಬರ ಮಾರೋಣ ಅಂತ. ಲೆಕ್ಕ ಹಾಕಿ. ಮನೆಗೆ ದಿನಕ್ಕೆ ಮುಕ್ಕಾಲು ಕೇಜಿ ಹಸಿ ಕಸ ಅಂತಿಟ್ಟುಕೊಂಡರೆ ನೂರು ಮನೆಗೆ 75 ಕೇಜಿ, ತಿಂಗಳಿಗೆ 2,250 ಕೇಜಿ. ಅದರಲ್ಲಿ ಬಹುಪಾಲು ನೀರು. ಜರಡಿ ಹಿಡಿದ ಮೇಲೆ ಉಳಿಯುವುದು ಹೆಚ್ಚುಕಮ್ಮಿ ಐದನೇ ಒಂದು ಪಾಲು, ಅಂದರೆ 400-450 ಕೇಜಿ. ಕೇಜಿಗೆ ಎಂಟು ರೂಪಾಯಿಯಂತೆ ಅಷ್ಟೂ ಖರ್ಚಾದರೂ ಮೂರು ಸಾವಿರದ ಆರುನೂರು ದಾಟಲ್ಲ. ಅದೇ ಮನೆಗೆ ನೂರು ರೂಪಾಯಿ ಎತ್ತಿದರೆ ಹತ್ತು ಸಾವಿರ. ದಿನಕ್ಕೆ ನಾಲ್ಕು ಗಂಟೆ ಕೆಲಸ ಮಾಡುವ ಒಬ್ಬರಿಗೆ ಕೊಡಲು ಏನೋ ಒಂದು ಇದೆ. ಪುಣೆಯಲ್ಲಿ ಚಿಂದಿ ಆಯುವವರದೇ ಸಹಕಾರ ಸಂಘ 'ಸ್ವಚ್ಛ್' 2008ರಿಂದ ಪಾಲಿಕೆ ಒಪ್ಪಂದದ ಮೇಲೆ ಮನೆಮನೆಯ ಕಸ ಎತ್ತುತ್ತಿದೆ. ಅಲ್ಲೂ ಮನೆಯವರು ತಿಂಗಳು ತಿಂಗಳು ಕೊಡುವ ಶುಲ್ಕವೇ ಆಧಾರ, ಗುಜರಿ ಮಾರಿದ ದುಡ್ಡು ಅದರ ಮೇಲೆ. "ಕಂದಾಯದ ಜೊತೆ ಕಸದ ಸೆಸ್ ಕಟ್ಟಿದೀವಲ್ಲ ಸಾರ್" ಅನ್ನುವವರು ಸಿಕ್ಕೇ ಸಿಗುತ್ತಾರೆ. ಮೂರು ತಿಂಗಳಿಗೊಮ್ಮೆ ಎರಡು ಕೇಜಿ ಗೊಬ್ಬರ ಅವರ ಮನೆಗೆ ತಲುಪಿಸಿ, ತಾರಸಿಯಲ್ಲಿ ಕುಂಡ ಇಟ್ಟವರಾದರೆ ಮಾತು ನಿಲ್ಲಿಸುತ್ತಾರೆ.

ಒಣ ಕಸದ್ದು ಅಷ್ಟು ತಲೆನೋವಿಲ್ಲ. ರಟ್ಟು, ಪೇಪರ್, ಬಾಟಲಿ, ಕಬ್ಬಿಣ ಗುಜರಿ ಅಂಗಡಿಗೆ ದಾರಿ ತಾನೇ ಹುಡುಕಿಕೊಳ್ಳುತ್ತವೆ. ಮನೆಗೊಂದು ಚೀಲ ಕೊಟ್ಟು ವಾರಕ್ಕೆ ಎರಡೇ ದಿನ ತಗೊಳ್ಳಿ. ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸಬೇಡಿ ಅಂತ ಮಾತ್ರ ಹೇಳಿ. ಆ ಪುಟ್ಟ ತ್ರಿಕೋನವನ್ನು ಯಾರೂ ಆಯಲ್ಲ, ಅದು ಸೀದಾ ಗೊಬ್ಬರಕ್ಕೆ ಸೇರುತ್ತೆ. ತೊಳೆಯದ ಕವರನ್ನು ಗುಜರಿಯವರು ಮುಟ್ಟಲ್ಲ. ಪ್ಯಾಡು, ಡಯಾಪರ್ ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಟಿಪ್ಪರಿಗೆ.

ಈಗ ಗೊಬ್ಬರದ ತೊಟ್ಟಿ. ನೂರು ಮನೆಗೆ ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಏಳು ತೊಟ್ಟಿ ಬೇಕು. ಒಂದು ತುಂಬಲು ಎಂಟರಿಂದ ಹತ್ತು ದಿನ, ಆಮೇಲೆ ಮಾಗಲು ಸುಮಾರು 45 ದಿನ. ಉಳಿದ ಆರು ತುಂಬುವಷ್ಟರಲ್ಲಿ ಮೊದಲನೆಯದು ಖಾಲಿಯಾಗಬೇಕು. ಮೂರು ಕಟ್ಟಿಸಿ ಕೈಚೆಲ್ಲಿದ ಕಡೆಗಳಲ್ಲೆಲ್ಲ ಆಗಿದ್ದು ಒಂದೇ: ಬಲಿಯದ ಗೊಬ್ಬರ ಹೊರಗೆ ಸುರಿದರು, ನಾತ ಎದ್ದಿತು, ಪಕ್ಕದ ಮನೆಯವರು ದೂರು ಕೊಟ್ಟರು, ಅಲ್ಲಿಗೆ ಕತೆ ಮುಗಿಯಿತು. ಗೋಡೆಯಲ್ಲಿ ಇಟ್ಟಿಗೆ ಇಟ್ಟಿಗೆ ನಡುವೆ ಎರಡು ಇಂಚು ಸಂದು ಬಿಟ್ಟು ಕಟ್ಟಿಸಿ, ಒಳಗಡೆ ಅರ್ಧ ಇಂಚಿನ ಜಾಲರಿ ಹೊಡೆಸಿ, ಇಲ್ಲದಿದ್ದರೆ ಇಲಿ, ಹೆಗ್ಗಣಗಳಿಗೆ ಛತ್ರ. ನೆಲ ಒಂದು ಕಡೆಗೆ ಇಳಿಜಾರಾಗಿರಲಿ, ಬಸಿದ ನೀರು ಒಂದು ಗುಂಡಿಗೆ ಹೋಗಲಿ. ಮೇಲೆ ಶೀಟು ಕಡ್ಡಾಯ. ತುಮಕೂರಿಗೆ ಜೋರು ಮಳೆ ಬರುವುದೇ ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಟಾರ್ಪಾಲು ಆ ಗಾಳಿಗೆ ನಿಲ್ಲಲ್ಲ. ಜಾಗ ಪಾರ್ಕಿನ ಮೂಲೆಯಾದರೆ ಪಾಲಿಕೆಯ ಅನುಮತಿ ಕಾಗದದ ಮೇಲೆ ತಗೊಳ್ಳಿ. ಬಾಯಿಮಾತಿನ ಅನುಮತಿ ಅಧಿಕಾರಿ ವರ್ಗವಾಗುವ ತನಕ ಮಾತ್ರ.

ತುಂಬುವ ಕ್ರಮದಲ್ಲಿ ಎಲ್ಲ ಗುಟ್ಟೂ ಇದೆ. ತಳಕ್ಕೆ ಅರ್ಧ ಅಡಿ ಒಣ ಕಡ್ಡಿ. ಆಮೇಲೆ ಒಂದು ಬಕೆಟ್ ಹಸಿ ಕಸಕ್ಕೆ ಒಂದು ಬಕೆಟ್ ಒತ್ತಿ ತುಂಬಿದ ಒಣ ಎಲೆ, ಮಳೆಗಾಲದಲ್ಲಿ ಒಂದೂವರೆ. ಎರಡು ಕೇಜಿ ಸಗಣಿಯನ್ನು ಹತ್ತು ಲೀಟರ್ ನೀರಿಗೆ ಕದಡಿ, ಪ್ರತಿ ಪದರದ ಮೇಲೆ ಒಂದೆರಡು ಮಗ್ ಚಿಮುಕಿಸಿ. ಕಸ ಬೇಗ ಕೊಳೆಯಲಿ ಅಂತ ಪೇಟೆಯಲ್ಲಿ ಮಾರುವ 'ಕಲ್ಚರ್' ಡಬ್ಬಿಗಳಿಗೆ ಸಾವಿರಗಟ್ಟಲೆ ಸುರಿಯುವ ಅಗತ್ಯ ನನಗೆ ಕಂಡಿಲ್ಲ. ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ನಾರಿನ ಕಾರ್ಖಾನೆಗಳ ಪಕ್ಕ ತೆಂಗಿನ ನಾರಿನ ಪುಡಿ ರಾಶಿ ಬಿದ್ದಿರುತ್ತೆ, ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರುತ್ತೆ. ಹಾಗಂತ ಬರೀ ಅದನ್ನೇ ಸುರಿದವರು ಕೆಟ್ಟರು. ಪುಡಿ ತೀರಾ ಸಣ್ಣದು, ಗಾಳಿಯ ಸಂದನ್ನೆಲ್ಲ ಮುಚ್ಚಿಬಿಡುತ್ತೆ. ಅದು ತಾನೇ ಕೊಳೆಯುವುದಕ್ಕೂ ತಿಂಗಳುಗಟ್ಟಲೆ ಬೇಕು. ಮೂರು ಪಾಲು ಎಲೆಗೆ ಒಂದು ಪಾಲು ಪುಡಿ ಸಾಕು.

ಎಲೆ ಉದುರುವುದು ಹೆಚ್ಚಾಗಿ ಫೆಬ್ರವರಿ-ಮಾರ್ಚಿನಲ್ಲಿ, ಅದು ಹೆಚ್ಚು ಬೇಕಾಗುವುದು ಅಕ್ಟೋಬರಿನಲ್ಲಿ. ಹೊಂಗೆ ಎಲೆಯನ್ನು ಗುಡಿಸಿ ಬೆಂಕಿ ಹಾಕುವ ಬದಲು ಗೋಣಿಚೀಲಕ್ಕೆ ತುಂಬಿ ಶೀಟಿನ ಕೆಳಗೆ ಒಟ್ಟಿ. ಜಾಗ ಕೇಳುವಾಗ ತೊಟ್ಟಿಯಷ್ಟೇ ಜಾಗ ಎಲೆಗೂ ಕೇಳಿ. ಇದನ್ನು ಮರೆತ ಸಂಘದ ಘಟಕ ಮೊದಲನೇ ಮಳೆಗಾಲ ದಾಟುವುದು ಕಷ್ಟ.

ಸರಿಯಾಗಿ ತುಂಬಿದ್ದರೆ ಮೂರು ನಾಲ್ಕು ದಿನಕ್ಕೆ ಒಳಗೆ 55-60 ಡಿಗ್ರಿ ಕಾವು ಏರುತ್ತೆ. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿ ಹಿಡಿಯಲು ಆಗಬಾರದು. ತಣ್ಣಗಿದ್ದರೆ ಒಂದು ಹಿಡಿ ತೆಗೆದು ಹಿಂಡಿ. ನೀರು ಧಾರೆಯಾಗಿ ಸುರಿದರೆ ಒದ್ದೆ ಜಾಸ್ತಿ, ಎಲೆ ಬೆರೆಸಿ ಮಗುಚಿ. ಹನಿಯೂ ಬರದೆ ಪುಡಿಪುಡಿಯಾದರೆ, ಇರುವೆ ಓಡಾಡುತ್ತಿದ್ದರೆ ನೀರು ಸಾಲದು. ಕೊಳೆತ ಮೊಟ್ಟೆಯ ವಾಸನೆ ಅಂದರೆ ಒಳಗೆ ಗಾಳಿಯಿಲ್ಲ. ಮೂಗಿಗೆ ಚುಚ್ಚುವ ಉಚ್ಚೆಯಂಥ ವಾಸನೆ ಅಂದರೆ ಎಲೆ ಕಮ್ಮಿ. ಬಿಳಿ ಬೂಸ್ಟು ಬಂದರೆ ಹೆದರಬೇಡಿ, ಅದು ಒಳ್ಳೆಯದೇ. ಬಿಳಿ ಹುಳು ಬಿತ್ತೋ, ಹಸಿ ಕಸವನ್ನು ಮೇಲೆ ಮುಚ್ಚದೆ ಹಾಗೇ ಬಿಟ್ಟಿದ್ದೀರಿ ಎಂದರ್ಥ. ನೊಣದ ಮೊಟ್ಟೆ ನೊಣವಾಗಲು ವಾರ ಹತ್ತು ದಿನ ಸಾಕು. ದಿನದ ಕೊನೆಗೆ ಎರಡು ಇಂಚು ಎಲೆ ಮುಚ್ಚದೆ ಯಾರೂ ಮನೆಗೆ ಹೋಗಬಾರದು. ಮಿಕ್ಕ ಅನ್ನ ಒಂದೇ ಕಡೆ ಸುರಿದರೆ ಮುದ್ದೆಯಾಗಿ ಹುಳಿ ಬರುತ್ತೆ, ಹರಡಿ ಹಾಕಿ. ಎಳನೀರಿನ ಬುರುಡೆ ತೊಟ್ಟಿಗೆ ಬೇಡವೇ ಬೇಡ: ನಾಲ್ಕು ಸೀಳು ಮಾಡಿ ಬಿಸಿಲಿಗೆ ಹಾಕಿ, ಇಲ್ಲವಾದರೆ ನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲು.

ಬೆರಕೆ ಕಸ ಕೊಟ್ಟ ಮನೆಯ ಕಸ ತಗೊಳ್ಳಬೇಡಿ, ಅಲ್ಲೇ ಬಿಟ್ಟು ಬನ್ನಿ. ಆದರೆ ಆ ಮಾತು ಹೇಳುವುದು ಕಸ ಎತ್ತುವ ಹೆಂಗಸಿನ ಕೆಲಸ ಅಲ್ಲ, ಅವರ ಮೇಲೆ ಎಗರಾಡುವುದು ಎಲ್ಲರಿಗೂ ಸುಲಭ. ಮೊದಲ ಒಂದು ತಿಂಗಳು ಸಂಘದ ಪದಾಧಿಕಾರಿಗಳೇ ಸರದಿ ಮೇಲೆ ಬೆಳಗ್ಗೆ ಏಳಕ್ಕೆ ಜೊತೆಗೆ ನಡೆಯಬೇಕು. ಅಧ್ಯಕ್ಷರಿಗೆ ಅದು ಆಗಲ್ಲ ಅಂದರೆ ತೊಟ್ಟಿ ಕಟ್ಟಿಸುವ ದುಡ್ಡು ಉಳಿಸಿ. ಗಟ್ಟಿ ಗ್ಲೌಸ್, ಗಂಬೂಟು, ಧನುರ್ವಾಯು ಇಂಜೆಕ್ಷನ್, ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ಆಳಿನ ಕೂಲಿ, ಇಷ್ಟೂ ಆ ನೂರು ರೂಪಾಯಿಯ ಲೆಕ್ಕದೊಳಗೇ ಬರಬೇಕು. ಹೊಂದದಿದ್ದರೆ ನೂರಿಪ್ಪತ್ತು ಎತ್ತಿ.

ಹಬ್ಬಗಳ ಲೆಕ್ಕ ಬೇರೆ. ಆಯುಧಪೂಜೆಯ ಮಾರನೇ ದಿನ ಬಾಳೆಕಂದು, ಒಡೆದ ಬೂದುಗುಂಬಳಕಾಯಿ, ಚೆಂಡುಹೂವಿನ ಹಾರ ಎಲ್ಲ ಒಟ್ಟಿಗೆ ಬಂದು ಬೀಳುತ್ತೆ, ಅದೂ ಮಳೆಯ ತಿಂಗಳಲ್ಲಿ. ಬಾಳೆಕಂದು ಪೂರ್ತಿ ನೀರು; ಗೇಣುದ್ದ ಕತ್ತರಿಸಿ ಎರಡು ದಿನ ಬಾಡಿಸಿ. ಕುಂಬಳಕಾಯಿಯೊಳಗಿನ ಚಿಲ್ಲರೆ ಕಾಸು ಆಯ್ದುಕೊಳ್ಳಿ, ಕುಂಕುಮ ಮೆತ್ತಿದ ಹೋಳನ್ನು ಬೇರೆ ಹಾಕಿ. ಹಾರದ ದಾರ ಮಾತ್ರ ಅವತ್ತೇ ಎಳೆದು ತೆಗೆಯಬೇಕು. ಒಳಗೆ ಹೋದರೆ ಮಗುಚುವಾಗ ಗುದ್ದಲಿಗೆ ಸುತ್ತಿಕೊಳ್ಳುತ್ತೆ, ನೈಲಾನ್ ದಾರವಾದರೆ 4 ಮಿಮೀ ಜರಡಿ ಹಿಡಿಯುವ ತನಕ ಕಾಡುತ್ತೆ. ಆ ವಾರಕ್ಕೆ ಏಳರಲ್ಲಿ ಒಂದು ತೊಟ್ಟಿ ಖಾಲಿ ಇರಬೇಕು, ಪಕ್ಕದಲ್ಲಿ ಹತ್ತು ಚೀಲ ಒಣ ಎಲೆ ಇರಬೇಕು.